ಬಾಲ ಮೂಡಿದ ಗುಬ್ಬಿ

“ಇದು ನಮ್ಮ ಗುಬ್ಬಿ ಒತ್ತಿದ್ದಲ್ಲ,” ಎಂದ ಭೂತಗನ್ನಡಿ.

ಪಕ್ಕದಲ್ಲಿ ನಿಂತಿದ್ದ ತಂಗಿ, ಗುಬ್ಬಿಯ ತಾಯಿ, ಬಂಡೆಗೆ ಒರಗಿಕೊಂಡಳು. ನಿನ್ನೆ ಸಂಜೆಯಿಂದ ಅವಳ ಗಂಟಲಲ್ಲಿ ನೀರು ಬಿಟ್ಟು ಬೇರೇನೂ ಇಳಿದಿರಲಿಲ್ಲ. ಮುಷ್ಟಿಯಲ್ಲಿ ಮಗಳ ಹಳೇ ಇನ್‌ಹೇಲರ್, ಅದೂ ಮುಗಿಯುತ್ತಾ ಬಂದದ್ದು. ಹೊಸದನ್ನು ಬೆಳಿಗ್ಗೆಯೇ ಪೋಸ್ಟ್‌ಮಾಸ್ಟರ ಕೈಗೆ ಕೊಟ್ಟಿದ್ದಳು. ಹುಡುಕುವವರ ಗುಂಪಿಗೆ ಅವರೇ ಮುಂದಾಳು, ಮಗು ಮೊದಲು ಸಿಕ್ಕರೆ ಅವರಿಗೇ ಸಿಗಬೇಕು. ಹುಡುಗಿಗೆ ಉಬ್ಬಸ. ರಾತ್ರಿಯ ಚಳಿ, ಧೂಳು, ಹೆದರಿಕೆ, ಅಳು, ಇವುಗಳಲ್ಲಿ ಯಾವುದಾದರೊಂದು ಸಾಕಿತ್ತು ಅವಳ ಎದೆ ಕಟ್ಟಲು.

ಕೋರ್ಟಿನ ಆದೇಶ ಹಿಡಿದುಕೊಂಡು ಗುಬ್ಬಿಯ ಅಪ್ಪ ನಿನ್ನೆ ಮಗಳನ್ನು ಕರೆದೊಯ್ಯಲು ಬಂದಾಗ ಮಗು ಮನೆಯಲ್ಲಿರಲಿಲ್ಲ; ಕತ್ತಲಾದ ಮೇಲೆ ಪೊಲೀಸರಿಗೆ ಸಿಕ್ಕ ಒಂದೇ ಒಂದು ಸುಳಿವು ಗುಡ್ಡದ ಈ ಪೆಟ್ಟಿಗೆ. ಆಗಿನಿಂದ ಊರಿಗೆ ಊರೇ ಗುಡ್ಡ ಹತ್ತಿ ಪೊದೆ ಪೊದೆಯನ್ನೂ ಜಾಲಾಡುತ್ತಿತ್ತು.

ಪೆಟ್ಟಿಗೆಯೆಂದರೆ ದೊಡ್ಡ ನಿಧಿಯೇನಲ್ಲ. ಊಟದ ಡಬ್ಬಿಯಷ್ಟು ಪ್ಲಾಸ್ಟಿಕ್ ಡಬ್ಬಿ. ಒಳಗೆ ರಬ್ಬರಿನಲ್ಲಿ ಕೈಯಾರೆ ಕೊರೆದ ಒಂದು ಮುದ್ರೆ, ಒಂದು ಪುಟ್ಟ ಪುಸ್ತಕ. ಊರಿನ ಪೆಟ್ಟಿಗೆ ಬಳಗದವರು ಇಂಥವನ್ನು ಬಂಡೆ ಸಂದಿ, ಗೋಡೆ ಬಿರುಕು, ಮರದ ಪೊಟರೆಗಳಲ್ಲಿ ಅಡಗಿಸಿಟ್ಟು ಒಗಟಿನಂಥ ನಾಲ್ಕು ಸಾಲು ಬರೆದು ಹಂಚುತ್ತಾರೆ. ಹುಡುಕಿದವರು ಪೆಟ್ಟಿಗೆಯ ಪುಸ್ತಕದಲ್ಲಿ ತಮ್ಮ ಮುದ್ರೆ ಒತ್ತಬೇಕು, ಪೆಟ್ಟಿಗೆಯ ಮುದ್ರೆಯನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳಬೇಕು, ಆಮೇಲೆ ಪೆಟ್ಟಿಗೆಯನ್ನು ಇದ್ದಲ್ಲೇ ಇದ್ದ ಹಾಗೇ ಇಟ್ಟು ಏನೂ ಅರಿಯದವರಂತೆ ಬಂದುಬಿಡಬೇಕು. ಮಕ್ಕಳಿಗೆ ಇದು ಆಟ. ದೊಡ್ಡವರಿಗೆ ಹುಚ್ಚು. ಮೊಮ್ಮಕ್ಕಳನ್ನು ಕಂಡ ಗೌರವಸ್ಥರೂ ಭಾನುವಾರ ಬಂತೆಂದರೆ ಅಂಬೆಗಾಲಿಟ್ಟು ಪೊದೆ ನುಗ್ಗುತ್ತಿದ್ದರು.

ಭೂತಗನ್ನಡಿ ಈ ಹುಚ್ಚಿಗೆ ಬಿದ್ದವನಲ್ಲ. ಕೆಲಸದಲ್ಲಿದ್ದಷ್ಟು ಕಾಲವೂ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕಂಡವರ ಬೆರಳು ನೋಡಿ ಕಣ್ಣು ಸವೆಸಿದವನು. ನಿವೃತ್ತಿಯಾದ ಮೇಲೂ ಜೇಬಿನ ಗಾಜು ಬಿಟ್ಟಿರಲಿಲ್ಲ, ಅಡ್ಡಹೆಸರೂ ಅವನನ್ನು ಬಿಟ್ಟಿರಲಿಲ್ಲ. ಆದರೆ ತಂಗಿಯ ಮಗಳ ಮುದ್ರೆ ಅವನಿಗೆ ಕಂಠಪಾಠ. ಗುಬ್ಬಿ ತಾನೇ ಕೊರೆದ ಗುಬ್ಬಿ ಅದು. ಒತ್ತುವಾಗ ಆತುರದಲ್ಲಿ ತಲೆಯ ಕಡೆಗೇ ಹೆಬ್ಬೆರಳಿನ ಭಾರ ಹಾಕುತ್ತಾಳೆ. ಬಾಲ ಎಂದೂ ಕಾಗದದ ಮೇಲೆ ಮೂಡಿದ್ದಿಲ್ಲ. “ಬಾಲ ಬೆಕ್ಕು ಕಚ್ಕೊಂಡು ಹೋಯ್ತೇನೇ?” ಎಂದು ಅವನು ಪ್ರತಿ ಸಲ ರೇಗಿಸುತ್ತಿದ್ದ. “ಹಾರಿ ಹೋಗ್ತಿದೆ ಮಾಮ, ಬಾಲ ಕಾಣಲ್ಲ,” ಎಂದು ಅವಳು ಪ್ರತಿ ಸಲ ಬಾಯಿ ಮುಚ್ಚಿಸುತ್ತಿದ್ದಳು.

ಈ ಪುಸ್ತಕದ ಮೊದಲ ಪುಟದಲ್ಲಿ ಕೂತಿದ್ದ ನೇರಳೆ ಗುಬ್ಬಿಗೆ ಕೊಕ್ಕಿನಿಂದ ಹಿಡಿದು ಬಾಲದ ತುದಿಯವರೆಗೆ ಒಂದು ಗೆರೆಯೂ ತಪ್ಪಿರಲಿಲ್ಲ. ಹಾಳೆಯ ಅಂಚಿಗೆ ಸರಿಯಾಗಿ, ನೆಟ್ಟಗೆ, ಅಚ್ಚುಕಟ್ಟಾಗಿ.

“ನಾನು ರಾತ್ರಿನೇ ಹೇಳ್ದೆನಲ್ಲ ಅಣ್ಣ, ಅವಳು ಗುಡ್ಡಕ್ಕೆ ಬಂದಿರೋಕೆ ಸಾಧ್ಯಾನೇ ಇಲ್ಲ ಅಂತ,” ಎಂದಳು ತಂಗಿ.

ಹೇಳಿದ್ದು ನಿಜ. ತಾಯಿಯ ಹಟವೆಂದು ಪೊಲೀಸರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅವನೂ ಹಾಕಿಕೊಳ್ಳಲಿಲ್ಲ.

ಅವನು ಪೆಟ್ಟಿಗೆಯ ಮುದ್ರೆಯನ್ನು ಕೈಗೆತ್ತಿಕೊಂಡ. ಮೊನ್ನೆ ಪೋಸ್ಟ್‌ಮಾಸ್ಟರು ಕೊರೆದು ಇಲ್ಲಿಟ್ಟ ಆಮೆ. ಗುಬ್ಬಿಯದಲ್ಲದೆ ಬೇರೆ ಯಾರ ಮುದ್ರೆಯೂ ಪುಸ್ತಕದಲ್ಲಿ ಬಿದ್ದಿರಲಿಲ್ಲ. ಆಮೆಯನ್ನು ಯಾರೋ ಒರೆಸಿ ಇಟ್ಟಿದ್ದರು. ಇಡುವ ಮೊದಲು ಮುದ್ರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕೆಂಬುದು ಬಳಗದ ಶಿಸ್ತು. ಗುಬ್ಬಿ ಬೈಸಿಕೊಂಡರೂ ಒರೆಸುವ ಪೈಕಿಯಲ್ಲ. ಒರೆಸಿದರೂ ಗೀರುಗಳ ಆಳದಲ್ಲಿ ಬಣ್ಣ ಉಳಿಯುತ್ತದೆ. ಗಾಜು ಹಿಡಿದ. ಚಿಪ್ಪಿನ ಗೀರುಗಳ ತಳದಲ್ಲಿ ಒಣಗಿದ ಕೆಂಪು: ಅದು ಕೊರೆದವರು ಒತ್ತಿ ಪರೀಕ್ಷೆ ಮಾಡಿದ್ದು, ಪೋಸ್ಟ್‌ಮಾಸ್ಟರದು. ಅದರ ಮೇಲೆ ಗುಬ್ಬಿಯ ನೇರಳೆ ಇರಬೇಕಿತ್ತು. ಹನಿಯಷ್ಟೂ ಇರಲಿಲ್ಲ. ಇದ್ದದ್ದು ಹಸಿರು.

ಬಳಗದಲ್ಲಿ ಸೇರಿದ ದಿನವೇ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಒಬ್ಬರ ಬಣ್ಣ ಇನ್ನೊಬ್ಬರು ಮುಟ್ಟುವಂತಿಲ್ಲ. ಮುದ್ರೆಯಿಲ್ಲದ ಅತಿಥಿಗಳು ಬಂದರೆ ಜೊತೆಗಿರುವವರ ಬಣ್ಣದಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ, ಅಷ್ಟೆ. ಹಸಿರು ಇದ್ದದ್ದು ಹಲ್ಲಿನ ಡಾಕ್ಟರಿಗೆ.

ಭೂತಗನ್ನಡಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲದ ಮಗು ಇಲ್ಲಿಗೆ ಬಂದಿತ್ತೆಂದು ಎಲ್ಲರ ಕಣ್ಣಿಗೆ ಮಣ್ಣೆರಚಲು ಗುಡ್ಡ ಹತ್ತಿದ ಮನುಷ್ಯ, ಮಾಡಿದ ಕೆಲಸ ಮುಗಿಸಿ ಸುಮ್ಮನೆ ಇಳಿಯಬಾರದಿತ್ತೆ? ಹೊಸ ಮುದ್ರೆ ಕಣ್ಣೆದುರಿಗಿತ್ತು, ಬೇರೆ ಯಾರೂ ಇನ್ನೂ ಒತ್ತಿಕೊಂಡಿರಲಿಲ್ಲ. ಕೈ ತಡೆಯಲಾಗಲಿಲ್ಲ. ಆಮೆಯನ್ನು ತನ್ನ ಪುಸ್ತಕಕ್ಕೆ ಒತ್ತಿಕೊಂಡು, ಶಿಸ್ತಾಗಿ ಒರೆಸಿಟ್ಟು ಹೋಗಿದ್ದ.

ಇಳಿಯುವ ದಾರಿಯಲ್ಲಿ ಪೋಸ್ಟ್‌ಮಾಸ್ಟರು ಎದುರಾದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು. ನಿನ್ನೆ ಮಧ್ಯಾಹ್ನದಿಂದ ಮಂಡಿನೋವೆಂದು ಮನೆ ಬಿಟ್ಟು ಕದಲಿರಲಿಲ್ಲವಂತೆ. ಇವತ್ತು ಹುಡುಗರಿಗಿಂತ ಮುಂದೆ ಹತ್ತುತ್ತಿದ್ದರು. ಬಳಗ ಕಟ್ಟಿದವರೇ ಅವರು. ಇಂಕ್ ಪ್ಯಾಡನ್ನು ಸಹ ಮನೆಯಲ್ಲೇ ತಯಾರಿಸುವುದರಿಂದ ಅವರ ಬೆರಳು ಸದಾ ಕೆಂಪು. ಬೆಳಿಗ್ಗೆ ಅವರು ಧೈರ್ಯ ಹೇಳಿ ಹಿಡಿದ ಕೈಯನ್ನು ಭೂತಗನ್ನಡಿ ಎರಡು ಸಲ ತೊಳೆದಿದ್ದ. ಏನಾದರೂ ಸಿಕ್ಕಿತೇ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿ ಅವನು ತಂಗಿಯ ಕೈಹಿಡಿದು ಇಳಿದ. ಅನುಮಾನ ಗಟ್ಟಿಯಾಗುವವರೆಗೆ ಯಾರಿಗೂ ಬಾಯಿ ಬಿಡುವ ಅಭ್ಯಾಸ ಅವನಿಗಿರಲಿಲ್ಲ.

ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬ ಬಾಯಿ ತೆರೆದುಕೊಂಡು ಮಲಗಿದ್ದ. ಭೂತಗನ್ನಡಿ ಅವನ ಹೆಗಲು ಮುಟ್ಟಿ, ಸ್ವಲ್ಪ ಹೊತ್ತು ಬಿಟ್ಟು ಬರುವಂತೆ ಹೇಳಿದ. ಅವನ ಮುಖ ನೋಡಿದ ರೋಗಿ ಎದೆಯ ಮೇಲಿನ ಕಾಗದದ ಬಟ್ಟೆಯನ್ನೂ ಕಳಚದೆ ಕಂಬಿ ಕಿತ್ತ.

“ಕೂತ್ಕೊಳ್ಳಿ ಡಾಕ್ಟ್ರೇ,” ಎಂದು ಅವನು ತೋರಿಸಿದ್ದು ರೋಗಿಯ ಕುರ್ಚಿಯನ್ನು.

ಡಾಕ್ಟರು ಕೂತರು. ಸಣ್ಣ ದೇಹದ, ಮೆತ್ತಗಿನ ದನಿಯ ಮನುಷ್ಯ. ಸವೆದ ಸಲಾಕೆಗಳನ್ನು ಎಸೆಯದೆ ಅವುಗಳಿಂದಲೇ ರಬ್ಬರು ಕೊರೆಯುತ್ತಿದ್ದರು. ಊರಿನ ಅರ್ಧ ಮಕ್ಕಳಿಗೆ ಮುದ್ರೆ ಕೊರೆಯುವುದನ್ನು ಕಲಿಸಿದ್ದು ಇದೇ ಕೋಣೆಯಲ್ಲಿ. ಹಲ್ಲು ಕೀಳಿಸಿಕೊಂಡು ಅಳದವರಿಗೆ ಒಂದು ರಬ್ಬರು ಬಹುಮಾನ. ಗುಬ್ಬಿಯ ಗುಬ್ಬಿಯೂ ಅಂಥದೇ ಬಹುಮಾನದ ರಬ್ಬರು.

ಭೂತಗನ್ನಡಿ ದೀಪವನ್ನು ಅವರ ಮುಖದಿಂದ ಸರಿಸಿ ಸ್ಟೀಲ್ ತಟ್ಟೆಯ ಮೇಲೆ ಬೀಳುವಂತೆ ಮಾಡಿದ. ತಟ್ಟೆಯಲ್ಲಿ ಆಮೆಯನ್ನಿಟ್ಟು ಅದರ ಮೇಲೆ ಗಾಜು ಹಿಡಿದ. ಡಾಕ್ಟರು ಬಗ್ಗಿ ನೋಡಿದರು. ನೋಡಿ, ಹಸಿರು ಇಂಕು ಯಾವ ಅಂಗಡಿಯಲ್ಲಾದರೂ ಸಿಗುತ್ತದೆಂದರು. ಪೊಲೀಸರ ಕೈಯಲ್ಲೂ ಈ ಮುದ್ರೆ ಓಡಾಡಿದೆಯಲ್ಲ ಎಂದರು. ತಾನು ನಿನ್ನೆ ಗುಡ್ಡದ ಕಡೆ ತಲೆಯನ್ನೇ ಹಾಕಿಲ್ಲವೆಂದರು.

“ನಿಮ್ಮ ಪುಸ್ತಕ ತೆಗೀರಿ ಅಂತ ನಾನು ಕೇಳ್ತಿಲ್ಲ,” ಎಂದ ಭೂತಗನ್ನಡಿ. “ಅದನ್ನ ಪೊಲೀಸ್ರು ಕೇಳ್ತಾರೆ. ಗುಬ್ಬಿ ಸೀಲು ನಿಮ್ಮ ಕೈಗೆ ಹೆಂಗೆ ಬಂತು?”

“ನನ್ನ ಹತ್ರ ಇಲ್ಲ.”

“ಹುಡುಗಿ ಎಲ್ಲಿ?”

“ನಂಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ.”

ಅವನಿಗೆ ಆ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಬೇಕೆನ್ನಿಸಿತು. ಇಷ್ಟು ವರ್ಷದ ಕೆಲಸದಲ್ಲಿ ಒಬ್ಬ ಕಳ್ಳನ ಮೈಮೇಲೂ ಕೈಮಾಡದವನು, ಈಗ ಮುಷ್ಟಿ ಬಿಗಿದು ನಿಂತಿದ್ದ. ಬೇರೆಯವರ ಮಕ್ಕಳು ಕಳೆದಾಗ ತಾನು ಎಷ್ಟು ಆರಾಮಾಗಿ ಗಾಜು ಒರೆಸಿಕೊಂಡು ಕೂರುತ್ತಿದ್ದೆನೆಂದು ನೆನೆದು ನಾಚಿಕೆಯಾಯಿತು.

ಬಾಗಿಲ ಬಳಿಯಿದ್ದ ತಂಗಿ ಮುಂದೆ ಬಂದಳು. ಕೂಗಲಿಲ್ಲ. ಇನ್‌ಹೇಲರನ್ನು ಡಾಕ್ಟರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ತಳದಲ್ಲಿ ಏನೂ ಕುಲುಕಲಿಲ್ಲ.

“ಕೇಳಿಸ್ತಾ ಡಾಕ್ಟ್ರೇ? ಇದು ಹೆಚ್ಚುಕಮ್ಮಿ ಖಾಲಿ. ಅವಳ ಹತ್ರ ಇದೂ ಇಲ್ಲ. ನೀವು ಓದಿದವರು, ನೀವೇ ಹೇಳಿ, ಇದಿಲ್ದೆ ನನ್ನ ಮಗು ಎಷ್ಟು ಹೊತ್ತು ತಡ್ಕೊಳ್ತಾಳೆ?”

ಡಾಕ್ಟರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಎದ್ದು ಹೋಗಿ, ಸಲಾಕೆ ಕುದಿಸುವ ಯಂತ್ರದ ಕೆಳಗಿನ ಕಪಾಟು ತೆಗೆದು, ಹಳದಿ ಕೈಚೀಲವೊಂದನ್ನು ತಂದು ತಟ್ಟೆಯ ಪಕ್ಕದಲ್ಲಿಟ್ಟರು. ಗುಬ್ಬಿಯ ಚೀಲ, ಒಳಗೆ ಅವಳ ಮುದ್ರೆ, ನೇರಳೆ ಪ್ಯಾಡು. ತಂಗಿ ಅದನ್ನು ಎದೆಗೆ ಅವಚಿಕೊಂಡು ಮೂಸಿದಳು.

ಹಳೇ ಪಂಪ್‌ಹೌಸಿನ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಸಿಕ್ಕಿತಂತೆ. ನೀರಿನ ಹತ್ತಿರ ಪೆಟ್ಟಿಗೆ ಇಡಕೂಡದೆಂಬುದು ಬಳಗದ ಮೊದಲ ನಿಯಮ. ಡಾಕ್ಟರು ಆ ಪಂಪ್‌ಹೌಸಿನೊಳಗೆ ಕದ್ದುಮುಚ್ಚಿ ಒಂದನ್ನು ಇಟ್ಟಿದ್ದರು, ಯಾರ ಕೈಗೂ ಸಿಗದ ಪೆಟ್ಟಿಗೆ ತನ್ನದೊಂದಿರಲಿ ಎಂಬ ಚಪಲಕ್ಕೆ. ಗುಟ್ಟು ಹೇಳಿದ್ದು ಒಬ್ಬಳಿಗೆ ಮಾತ್ರ. ಹೋದ ತಿಂಗಳು ಇದೇ ಕುರ್ಚಿಯಲ್ಲಿ ಅಳದೆ ಹಲ್ಲು ಕೀಳಿಸಿಕೊಂಡ ಗುಬ್ಬಿಗೆ. ನಿನ್ನೆ ಸಂಜೆ ಪೆಟ್ಟಿಗೆ ನೋಡಿಬರಲು ಹೋದರೆ ಬಾಗಿಲು ತೆರೆದಿತ್ತು, ಕಟ್ಟೆಯ ಮೇಲೆ ಚೀಲವಿತ್ತು, ಕೂಗಿದರೆ ಓಗೊಡುವವರಿರಲಿಲ್ಲ.

“ನೀರಿಗೆ ಬಿದ್ಲು ಅಂದ್ಕೊಂಡೆ. ನನ್ನ ಪೆಟ್ಟಿಗೆ ಹುಡುಕೋಕೆ ಬಂದು ಬಿದ್ಲು ಅಂತ. ಕೈಕಾಲು ಬಿಟ್ಟುಹೋಯ್ತು. ಅವಳು ಅಲ್ಲಿಗೆ ಬಂದೇ ಇಲ್ಲ ಅನ್ನೋ ಹಾಗೆ ಮಾಡ್ಬೇಕು ಅಂತ ಅಷ್ಟೇ ಹೊಳೀತು.”

“ಬಿದ್ದವಳನ್ನ ಎತ್ತಬೇಕು ಅಂತ ಹೊಳೀಲಿಲ್ವೇನೋ ನಿಂಗೆ?” ಎಂದ ಭೂತಗನ್ನಡಿ. ‘ನೀವು’ ಎನ್ನುವ ಮರ್ಯಾದೆ ಅವನ ಬಾಯಿಂದ ತಾನಾಗಿ ಉದುರಿಹೋಗಿತ್ತು.

ರಾತ್ರಿಯೆಲ್ಲ ನೂರು ಜನ ತಪ್ಪು ಗುಡ್ಡದಲ್ಲಿ ಟಾರ್ಚು ಬೀಸಿದ್ದರು, ಈ ಒಂದು ನೆಟ್ಟಗಿನ ಗುಬ್ಬಿಗೆ.

ತಿರುಗಿ ನೋಡಿದರೆ ತಂಗಿ ಇರಲಿಲ್ಲ. ಆಗಲೇ ಬೀದಿಯ ತಿರುವಿನಲ್ಲಿದ್ದಳು. ಅವನು ಡಾಕ್ಟರ ರಟ್ಟೆ ಹಿಡಿದು ಎಳೆದುಕೊಂಡೇ ಓಡಿದ. ನೀರಿನ ಇಲಾಖೆ ಕೈಬಿಟ್ಟ ಆ ಕಟ್ಟಡದ ಕಡೆ ಅವನು ಹೋದದ್ದೇ ಇಲ್ಲ. ಗೋದಾಮಿನ ಹಿಂದೆ ದಾರಿ ಕವಲೊಡೆದಲ್ಲಿ ಎಡಕ್ಕೋ ಬಲಕ್ಕೋ ಎಂದು ಡಾಕ್ಟರನ್ನು ಕೇಳುವಷ್ಟರಲ್ಲಿ, ಮುಂದೆ ಓಡುತ್ತಿದ್ದ ತಂಗಿ ತಲೆಯೆತ್ತದೆ ಮುರಿದ ಬೇಲಿಯೊಳಗೆ ನುಸುಳಿದಳು. ಅದೇ ಸರಿಯಾದ ದಾರಿಯಾಗಿತ್ತು. ಆಗ ಅದು ಅವನ ಮನಸ್ಸಿಗೆ ನಾಟಲಿಲ್ಲ. ಮಗುವಿನ ಹೆಸರು ಕೂಗುತ್ತ ಓಡುವವರು ಇನ್ನೊಬ್ಬರ ಹೆಜ್ಜೆ ಪರೀಕ್ಷಿಸುವುದಿಲ್ಲ.

ಇಟ್ಟಿಗೆಯ ಕಟ್ಟಡ, ಎದುರಿಗೆ ಕಟ್ಟೆ ಕಟ್ಟಿದ ತೊಟ್ಟಿ. ಭೂತಗನ್ನಡಿ ಮೊದಲು ಬಗ್ಗಿದ್ದು ತೊಟ್ಟಿಗೆ. ನೀರಿನ ಮೇಲೆ ಪಾಚಿ ಹಾಸಿತ್ತು, ಈ ಅಂಚಿನಿಂದ ಆ ಅಂಚಿಗೆ ಹರಿಯದ ಬಟ್ಟೆಯ ಹಾಗೆ. ಒಂದು ಕಡ್ಡಿಯಿಂದ ಕೆದಕಿ ನೋಡಿದ. ಸೀಳಿದ ಗೆರೆ ಸೀಳಿದ ಹಾಗೇ ಉಳಿಯಿತು, ಮತ್ತೆ ಕೂಡಿಕೊಳ್ಳಲಿಲ್ಲ. ನಿನ್ನೆ ಈ ನೀರಿಗೆ ಯಾರೂ ಬಿದ್ದಿಲ್ಲ. ಡಾಕ್ಟರು ಹೆದರದೆ ಒಂದು ಸಲ ಬಗ್ಗಿದ್ದರೆ ಸಾಕಿತ್ತು, ನಿನ್ನೆ ಸಂಜೆಯೇ ತಿಳಿಯುತ್ತಿತ್ತು.

“ಬಿದ್ದಿಲ್ಲ!” ಎಂದು ಅವನು ಕೂಗಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಒಳಗೆ ತುಕ್ಕು ಹಿಡಿದ ದೊಡ್ಡ ಚಕ್ರ, ಅದರ ಪಕ್ಕದ ಮೂಲೆಯಲ್ಲಿ ಮಡಿಸಿ ಹಾಸಿದ ಹೊದಿಕೆ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ. ಮಗು ಇರಲಿಲ್ಲ. ತಂಗಿ ಹೊದಿಕೆಯ ಮೇಲೆ ಕುಸಿದು ಕೂತು ಅದನ್ನು ಸವರುತ್ತಿದ್ದಳು. ಯಾರೋ ಮಗುವನ್ನು ಇಲ್ಲಿ ಕೂಡಿಹಾಕಿದ್ದರು. ಕೂಡಿಹಾಕಿದವರು ಅದಕ್ಕೆ ಚಳಿಯಾಗದಂತೆ, ಹಸಿವಾಗದಂತೆ ನೋಡಿಕೊಂಡಿದ್ದರು.

ಡಾಕ್ಟರು ಚಕ್ರದ ಹಿಂದಿನ ಗೂಡು ತೋರಿಸಿದರು. ನಿನ್ನೆ ಅದನ್ನು ಮುಟ್ಟುವ ಧೈರ್ಯವೇ ಬರಲಿಲ್ಲವಂತೆ. ಭೂತಗನ್ನಡಿ ಪೆಟ್ಟಿಗೆ ಎಳೆದು, ಪುಸ್ತಕ ತೆರೆದು, ಬಾಗಿಲ ಬೆಳಕಿಗೆ ಹಿಡಿದ.

ಗುಬ್ಬಿ ಕೂತಿತ್ತು. ನೇರಳೆ, ಸೊಟ್ಟಗೆ, ಬಾಲವಿಲ್ಲದೆ. ಇದು ಅವಳದೇ.

ಪಕ್ಕದಲ್ಲಿ, ಅದೇ ನೇರಳೆಯಲ್ಲಿ, ಒಂದು ಹೆಬ್ಬೆಟ್ಟು.

ಮುದ್ರೆಯಿಲ್ಲದ ಅತಿಥಿ. ಗಾಜಿನಲ್ಲಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದ, ತಪ್ಪಿರಲಿ ಎಂಬ ಆಸೆಗೆ. ಹೆಣ್ಣಿನ ಹೆಬ್ಬೆರಳು. ಸುಳಿಯ ನಡುವೆ ಒಂದು ಬಿಳಿ ಚುಕ್ಕೆ. ಹೊಲಿಗೆ ಯಂತ್ರದ ಸೂಜಿ ಆರಪಾರ ಹೊಕ್ಕು ಮಾಡಿದ ಗಾಯ. ಆ ಗಾಯಕ್ಕೆ ಬಟ್ಟೆ ಸುತ್ತಿ ತಂಗಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದವನು ಅವನೇ.

ಅವನು ಪುಸ್ತಕ ಮುಚ್ಚಿದ. “ಕೈ ಕೊಡು,” ಎಂದ.

ತಂಗಿ ಕೊಡಲಿಲ್ಲ. ಕೊಡುವುದೇನೂ ಉಳಿದಿರಲಿಲ್ಲ.

“ಅವಳ ಅಪ್ಪ ಬಂದು ಹೋಗೋವರೆಗೆ ಅಂತ ಇಲ್ಲಿ ಕೂರಿಸ್ದೆ ಅಣ್ಣ,” ಎಂದಳು ನೆಲ ನೋಡುತ್ತ. “ಇಲ್ಲಿನ ಪೆಟ್ಟಿಗೆ ಗುಟ್ಟು ಅವಳೇ ನಂಗೆ ಹೇಳಿದ್ಲು, ಹುಡುಕೋಣ ಬಾ ಅಂದ್ರೆ ಕುಣ್ಕೊಂಡು ಬಂದ್ಲು. ಅಮ್ಮ, ನೀನೂ ಒತ್ತು ಅಂತ ನನ್ನ ಬೆರಳು ತಾನೇ ಹಿಡಿದು ಒತ್ತಿಸಿದ್ಲು. ಒಂದರ್ಧ ಗಂಟೆ ಅಷ್ಟೇ ಅಂದ್ಕೊಂಡಿದ್ದೆ. ಮನೆಗೆ ಹೋದ್ರೆ ಅವರ ಜೊತೆ ಪೊಲೀಸ್ರೂ ಕೂತಿದ್ರು. ಇನ್‌ಹೇಲರ್ ಸ್ಕೂಲ್ ಬ್ಯಾಗಲ್ಲೇ ಉಳಿದಿತ್ತು. ಪೇದೆ ನನ್ನ ಪಕ್ಕ ಬಿಟ್ಟು ಕದಲ್ಲಿಲ್ಲ. ಹೇಳಿದ್ರೆ ಮಗೂನ ಇನ್ನು ಯಾವತ್ತೂ ನಂಗೆ ಕೊಡಲ್ಲ ಅಂತ ಹೆದ್ರಿದೆ. ಇನ್ನೇನು ಬಾಯಿ ಬಿಡ್ಬೇಕು, ಅಷ್ಟರಲ್ಲಿ ಗುಬ್ಬಿ ಸೀಲು ಗುಡ್ಡದಲ್ಲಿ ಸಿಕ್ತು ಅಂದ್ರು. ನಂಬೋಕೂ ಆಗ್ಲಿಲ್ಲ, ಎಲ್ರ ಕಣ್ಣು ತಪ್ಪಿಸಿ ಇಲ್ಲಿಗೆ ಬಂದು ನೋಡೋಕೂ ಆಗ್ಲಿಲ್ಲ.”

ಬೈಯಲು ಅವನಿಗೆ ಬಾಯಿ ಬರಲಿಲ್ಲ. ಇಡೀ ರಾತ್ರಿ ಅವಳ ಪಕ್ಕದಲ್ಲೇ ನಡೆದಿದ್ದ. ಕಂಡವರ ಬೆರಳು ಓದಿದವನಿಗೆ ಒಡಹುಟ್ಟಿದವಳ ಮುಖ ಓದಲಾಗಿರಲಿಲ್ಲ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕರುಳು ಚುರುಕ್ಕೆಂದಿತು.

“ನಂಗರ್ಥ ಆಗದೇ ಇರೋದು ಒಂದೇ ಅಣ್ಣ,” ಎಂದು ಅವಳು ತಲೆಯೆತ್ತಿದಳು. “ತೊಟ್ಟಿ ಹತ್ರ ಹೋಗ್ದೇ ಇರಲಿ ಅಂತ ನಾನೇ ಹೊರಗಡೆಯಿಂದ ಅಗುಳಿ ಹಾಕಿದ್ದೆ. ಸದ್ದಾಗದ ಹಾಗೆ ಎಣ್ಣೆನೂ ಬಿಟ್ಟಿದ್ದೆ. ಒಳಗಿಂದ ಅದು ತೆಗೆಯೋಕೆ ಬರಲ್ಲ.”

ಡಾಕ್ಟರು ಬೆಚ್ಚಿ, ತಾನು ಬಂದಾಗಲೇ ತೆರೆದಿತ್ತೆಂದು ಮತ್ತೆ ಮತ್ತೆ ಹೇಳತೊಡಗಿದರು. ಭೂತಗನ್ನಡಿ ಅವರ ಮಾತಿಗೆ ಕಾಯದೆ ಬಾಗಿಲ ಹೊರಗೆ ಬಂದು ಅಗುಳಿಯ ಎದುರು ಮಂಡಿಯೂರಿದ.

ಎಣ್ಣೆ ಹಚ್ಚಿದ ಕಬ್ಬಿಣದ ಹಿಡಿಯ ಮೇಲೆ ಏನೋ ಮೆತ್ತಿತ್ತು. ಬೆರಳಿನ ಗೆರೆಗಳು ಎಣ್ಣೆಯಲ್ಲಿ ಕಲಸಿಹೋಗಿದ್ದವು, ಗಾಜಿಗೆ ಅಲ್ಲಿ ಓದಲು ಏನೂ ಸಿಗಲಿಲ್ಲ. ಬಿಳಿ ಕರವಸ್ತ್ರ ತೆಗೆದು ಒತ್ತಿ, ಬಿಡಿಸಿ ನೋಡಿದ.

ನೇರಳೆಯಲ್ಲ. ಹಸಿರೂ ಅಲ್ಲ.

ಬೆಳಿಗ್ಗೆ ತನ್ನ ಅಂಗೈಯಿಂದ ಎರಡು ಸಲ ತೊಳೆದ ಬಣ್ಣ ಅದು.

ಬೆನ್ನ ಹಿಂದೆ ಬಂದು ನಿಂತ ತಂಗಿ ಕರವಸ್ತ್ರದ ಕೆಂಪನ್ನು ನೋಡಿದಳು. ದೂರದ ಗುಡ್ಡದಲ್ಲಿ ಹುಡುಕುವವರ ಸೀಟಿ ಊದುತ್ತಿತ್ತು. ಅವಳು ಕೈಯಲ್ಲಿದ್ದ ಖಾಲಿ ಇನ್‌ಹೇಲರನ್ನು ನೋಡಿದಳು, ಮತ್ತೆ ಕರವಸ್ತ್ರವನ್ನು ನೋಡಿದಳು.

“ಅಣ್ಣ,” ಎಂದಳು. “ಹೊಸ ಇನ್‌ಹೇಲರ್ ನಾನಾಗಿ ಕೊಟ್ಟಿದ್ದಲ್ಲ. ಬೆಳಿಗ್ಗೆ ಬೆಳಿಗ್ಗೆನೇ ಮನೆ ಬಾಗಿಲಿಗೆ ಬಂದು, ಅವರೇ ಕೇಳಿ ಇಸ್ಕೊಂಡು ಹೋದ್ರು.”